ನಮ್ಮ ಹಳೆಯ ಹಾಯಿದೋಣಿ ಮಾರಿದ ಅನುಭವ

ನಮ್ಮ ಹಾಯಿದೋಣಿ ಕೊನೆಗೂ ಮಾರಾಟವಾಯಿತು. ಹಣ ಖಾತೆಗೆ ಬಂದಿದೆ, ಕಾಗದಗಳಿಗೆ ಸಹಿ ಬಿದ್ದಿದೆ, ಬೀಗದ ಕೈ ಹೊಸ ಮಾಲೀಕರ ಹತ್ತಿರ ಇದೆ. ದೋಣಿ ಚೆನ್ನಾಗಿದೆ, ಬೇಗ ಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಆದರೆ ನಾವು ಇಷ್ಟು ವರ್ಷ ಚೆನ್ನಾಗಿ ನೋಡಿಕೊಂಡಿದ್ದೇವೆ ಅನ್ನುವುದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಅದನ್ನು ತೋರಿಸಿಕೊಡುವುದೇ ದೊಡ್ಡ ಕೆಲಸವಾಯಿತು. ಎಲ್ಲವೂ ನೆನಪಿರುವಾಗಲೇ ಬರೆಯುತ್ತಿದ್ದೇನೆ. ಹಳೆಯ ದೋಣಿ ಮಾರಲು ಹೊರಟವರಿಗೆ ಸ್ವಲ್ಪ ಗೊಂದಲ ಕಡಿಮೆಯಾದರೆ ಸಾಕು.

ದೋಣಿ 1980ರ ದಶಕದ್ದು. 32 ಅಡಿ ಉದ್ದದ ಸ್ಲೂಪ್, ಅಂದರೆ ಒಂದೇ ಮಾಸ್ಟ್ (ಹಾಯಿ ಕಟ್ಟುವ ಕಂಬ), ಅದರ ಹಿಂದೆ ದೊಡ್ಡ ಹಾಯಿ, ಮುಂದೆ ಇನ್ನೊಂದು. ಫೈಬರ್‌ಗ್ಲಾಸ್ ಮೈ, ಒಳಗೆ ತೇಗದ ಕೆಲಸ, ಚಿಕ್ಕ ಡೀಸೆಲ್ ಎಂಜಿನ್. ನನ್ನವರ ಭುಜದ ನೋವು ಜಾಸ್ತಿಯಾದ ಮೇಲೆ ಹಾಯಿಯ ಹಗ್ಗ ಎಳೆಯುವ ವಿಂಚ್ ತಿರುಗಿಸುವುದು ಕಷ್ಟವಾಯಿತು. ಗಾಳಿ ಜೋರಾದಾಗ ಹಾಯಿ ಇಳಿಸುವುದು ನಾನೊಬ್ಬಳೇ ಮಾಡುವ ಕೆಲಸವಲ್ಲ. ದೋಣಿ ಜೆಟ್ಟಿಯಲ್ಲೇ, ಅಂದರೆ ದೋಣಿಕಟ್ಟೆಯಲ್ಲೇ, ನಿಲ್ಲುವ ದಿನಗಳು ಹೆಚ್ಚಾದವು. ಓಡಾಡದ ದೋಣಿ ಬೇಗ ಕೆಡುತ್ತದೆ. ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರುತ್ತದೆ, ಅಡಿಯಲ್ಲಿ ಚಿಪ್ಪುಹುಳು ಕೂರುತ್ತವೆ, ನೀರಿನ ಕವಾಟಗಳು (ವಾಲ್ವ್) ಬಿಗಿಯುತ್ತವೆ. ಅದು ಹಾಗೆ ಹಾಳಾಗುವುದನ್ನು ನೋಡುವ ಬದಲು, ಅದನ್ನು ಓಡಿಸುವವರ ಕೈಗೆ ಕೊಡೋಣ ಎಂದು ತೀರ್ಮಾನಿಸಿದೆವು. ತೀರ್ಮಾನ ಒಂದೇ ಮಾತಿನಲ್ಲಿ ಆಗಲಿಲ್ಲ. ಇಬ್ಬರೂ ಎಷ್ಟೋ ಸಂಜೆ ಆ ವಿಷಯ ಎತ್ತಿ, ಮತ್ತೆ ಬಿಟ್ಟು, ಮತ್ತೆ ಎತ್ತಿದ್ದೇವೆ.

ಮೊದಲು ಕೈಹಾಕಿದ್ದು ಕಾಗದಗಳಿಗೆ. ಬೇರೆಯವರೂ ಇಲ್ಲಿಂದಲೇ ಶುರುಮಾಡಲಿ ಎಂದು ಹೇಳುತ್ತೇನೆ. ಬಣ್ಣ ಬಳಿಯುವುದು, ಪಾಲಿಶ್ ಮಾಡುವುದು ಎಲ್ಲ ಆಮೇಲೆ. ನೋಂದಣಿ ಪತ್ರ, ನಾವು ಕೊಂಡಾಗಿನ ಮಾರಾಟ ಪತ್ರ, ನಮಗಿಂತ ಹಿಂದಿನವರು ಕೊಂಡಾಗಿನ ಪತ್ರ, ತೆರಿಗೆ ಕಟ್ಟಿದ ರಸೀದಿ, ಎಂಜಿನ್ ನಂಬರ್, ವಿಮೆ. ಹಳೆಯ ದೋಣಿ ಹಲವು ಕೈ ದಾಟಿ ಬಂದಿರುತ್ತದೆ. ಕಟ್ಟಿದವರಿಂದ ನಿಮ್ಮವರೆಗೆ ಆ ಸರಪಳಿ ಎಲ್ಲೂ ಕಡಿಯದೆ ಕಂಡರೆ ಕೊಳ್ಳುವವರಿಗೆ ಅರ್ಧ ಧೈರ್ಯ ಬರುತ್ತದೆ. ಯುರೋಪಿನಲ್ಲಿ ಮಾರುವವರಿಗೆ ವ್ಯಾಟ್ ಕಟ್ಟಿದ ದಾಖಲೆಯನ್ನು ಖಂಡಿತ ಕೇಳುತ್ತಾರೆ. ಅಲ್ಲಿ 1998ರ ಜೂನ್ ಮಧ್ಯದಿಂದ ಹೊಸ ದೋಣಿಗಳಿಗೆ ಸಿಇ ಗುರುತು, ಅಂದರೆ ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತದೆ ಎಂಬ ಮುದ್ರೆ, ಕಡ್ಡಾಯವಾಯಿತು. ಅದಕ್ಕಿಂತ ಮೊದಲೇ ಅಲ್ಲಿ ಇದ್ದ ದೋಣಿಗೆ ಆ ಗುರುತು ಬೇಡ, ಆದರೆ ಮೊದಲೇ ಇತ್ತು ಎಂದು ತೋರಿಸಲು ಕಾಗದ ಬೇಕು. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಕಟ್ಟಿದ ಪ್ರತಿ ದೋಣಿಗೂ ಮೈಮೇಲೆ ಒಂದು ಗುರುತಿನ ನಂಬರ್ ಇರಬೇಕು. ಸಾಮಾನ್ಯವಾಗಿ ಹಿಂಬದಿಯ ಬಲಮೇಲ್ತುದಿಯಲ್ಲಿರುತ್ತದೆ. ನಿಮ್ಮ ದೋಣಿಯಲ್ಲಿ ಅಂಥ ನಂಬರ್ ಇದ್ದರೆ ಅದು ಕಾಗದದಲ್ಲಿರುವುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ಎಂದು ಈಗಲೇ ನೋಡಿ. ಒಂದು ಅಕ್ಷರ ತಪ್ಪಿದ್ದರೂ ಕೊನೆಯ ವಾರದಲ್ಲಿ ಎಲ್ಲ ನಿಂತುಹೋಗುತ್ತದೆ.

ಇನ್ನೊಂದು ಕಡತ ರಿಪೇರಿಗಳದ್ದು. ನನ್ನವರು ಮೊದಲಿಂದ ಒಂದು ಪುಸ್ತಕ ಇಟ್ಟಿದ್ದರು. ಯಾವಾಗ ಎಣ್ಣೆ ಬದಲಿಸಿದ್ದು, ಎಂಜಿನ್ ಎಷ್ಟು ಗಂಟೆ ಓಡಿತ್ತು, ನೀರಿನ ಪಂಪಿನ ಇಂಪೆಲ್ಲರ್ (ಒಳಗಿನ ತಿರುಗುಚಕ್ರ) ಯಾವಾಗ ಹಾಕಿದ್ದು, ಲೋಹದ ಭಾಗಗಳು ಸವೆಯದಂತೆ ಕಾಯುವ ಸತುವಿನ ತುಂಡು, ಅಂದರೆ ಆನೋಡ್, ಎಷ್ಟು ಸವೆದಿತ್ತು, ಎಲ್ಲ ಅದರಲ್ಲಿದೆ. ರಸೀದಿಗಳನ್ನು ನಾನು ವರ್ಷದ ಪ್ರಕಾರ ಜೋಡಿಸಿದೆ. ಬೇಸರದ ಕೆಲಸ, ನಿಜ. ಆದರೆ ಮುಂದೆ ದೋಣಿ ನೋಡಲು ಬಂದವರಲ್ಲಿ ಗಂಭೀರವಾಗಿದ್ದವರೆಲ್ಲ ಮೊದಲು ಕೂತು ಓದಿದ್ದು ಆ ಪುಸ್ತಕವನ್ನೇ. ದೋಣಿ ಚೆನ್ನಾಗಿದೆ ಎಂದು ನಾವು ಬಾಯಲ್ಲಿ ಎಷ್ಟು ಹೇಳಿದರೂ ಆ ಪುಟಗಳಷ್ಟು ಕೆಲಸ ಮಾಡುತ್ತಿರಲಿಲ್ಲ.

ಆಮೇಲೆ ಯಾವುದನ್ನು ರಿಪೇರಿ ಮಾಡಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬ ಪ್ರಶ್ನೆ. ನಮ್ಮಿಬ್ಬರಿಗೂ ಇದರಲ್ಲಿ ಒಮ್ಮತ ಇರಲಿಲ್ಲ. ಹೊಸ ಹಾಯಿ, ಹೊಸ ಚಾರ್ಟ್‌ಪ್ಲಾಟರ್ (ಸಮುದ್ರದ ನಕ್ಷೆ ತೋರಿಸುವ ಪರದೆ) ಹಾಕಿಸಿದರೆ ಬೆಲೆ ಏರುತ್ತದೆ ಎಂದು ನನ್ನವರಿಗೆ ಆಸೆ. ನನಗೆ ಅದು ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಅಂಥ ವಸ್ತುಗಳಿಗೆ ಹಾಕಿದ ಹಣದಲ್ಲಿ ಸ್ವಲ್ಪ ಭಾಗ ಮಾತ್ರ ವಾಪಸ್ ಬರುತ್ತದೆ. ಹೊಸಬರಿಗೆ ತಮ್ಮದೇ ಆಯ್ಕೆ ಇರುತ್ತದೆ. ಆದರೆ ಇರುವ ಪ್ರತಿಯೊಂದೂ ಕೆಲಸ ಮಾಡಬೇಕು. ಉರಿಯದ ದೀಪ, ತಿರುಗದ ಕವಾಟ, ತೊಟ್ಟಿಕ್ಕುವ ಕಿಟಕಿ, ಇವೆಲ್ಲ ಚಿಕ್ಕ ಖರ್ಚಿನವು. ಬಂದವರ ಮನಸ್ಸಿನಲ್ಲಿ ಮಾತ್ರ ದೊಡ್ಡ ಅನುಮಾನ ಬಿತ್ತುತ್ತವೆ.

ವಾಸನೆಯ ಬಗ್ಗೆ ಬಿಡಿಸಿ ಹೇಳಲೇಬೇಕು. ಬಾಗಿಲು ತೆರೆದು ಮೆಟ್ಟಿಲಿಳಿದ ಕೂಡಲೇ ಡೀಸೆಲ್, ಮುಗ್ಗಲು, ಶೌಚದ ವಾಸನೆ ಬಂದರೆ ಅಲ್ಲಿಗೇ ಮುಗಿಯಿತು. ದೋಣಿಯಲ್ಲೇ ಇರುವವರ ಮೂಗಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ದೋಣಿಯ ಪರಿಚಯವೇ ಇಲ್ಲದ ಒಬ್ಬ ಗೆಳತಿಯನ್ನು ಕರೆತಂದು ಕೇಳಿದೆ. ಅವಳು ಸಂಕೋಚಪಡದೆ ಹೇಳಿದಳು. ಶೌಚದ ಪೈಪುಗಳನ್ನು ತೆಗೆದು ಹೊಸದು ಹಾಕಿಸಿದೆವು. ವರ್ಷ ಕಳೆದಂತೆ ವಾಸನೆ ಆ ರಬ್ಬರಿನೊಳಗೇ ಇಳಿದು ಹೊರಬರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಬಿಲ್ಜ್, ಅಂದರೆ ದೋಣಿಯ ತಳದ ಗುಂಡಿ, ಅದನ್ನು ಸೋಪು ಹಾಕಿ ಉಜ್ಜಿ ಪೂರ್ತಿ ಒಣಗಿಸಿದೆವು. ಒಣ ಬಿಲ್ಜ್ ಕಂಡರೆ ದೋಣಿ ಸೋರುತ್ತಿಲ್ಲ ಎಂದು ಬಂದವರಿಗೆ ತಾನಾಗಿ ತಿಳಿಯುತ್ತದೆ. ನಂತರ ನಮ್ಮ ಸಾಮಾನು ಖಾಲಿ ಮಾಡಿದೆವು. ಮಗಳು ಚಿಕ್ಕವಳಿದ್ದಾಗ ಮಲಗುತ್ತಿದ್ದ ಮೂಲೆಯ ಅಂಕಣ ತೆರವು ಮಾಡುವಾಗ ನನಗೆ ಕೈ ಓಡಲಿಲ್ಲ. ಆ ದಿನದ ಮಟ್ಟಿಗೆ ಕೆಲಸ ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದೆವು. ಮಾರುವವರು ಇದಕ್ಕೂ ಸ್ವಲ್ಪ ಸಮಯ ಇಟ್ಟುಕೊಳ್ಳಿ. ಫೋಟೋ ತೆಗೆಯುವ ಹಿಂದಿನ ದಿನ ಅವಸರದಲ್ಲಿ ಮಾಡುವ ಕೆಲಸ ಅಲ್ಲ ಅದು.

ಬೆಲೆ ಇಡುವುದು ಬಹಳ ನೋವಿನ ಭಾಗ. ನಾವು ಎಷ್ಟು ಖರ್ಚು ಮಾಡಿದ್ದೇವೆ ಎಂಬುದಕ್ಕೂ ಮಾರುಕಟ್ಟೆಯ ಬೆಲೆಗೂ ಸಂಬಂಧವೇ ಇಲ್ಲ. ಅದೇ ಮಾದರಿಯ ದೋಣಿಗಳ ಜಾಹೀರಾತು ನೋಡಿ ಬೆಲೆ ಲೆಕ್ಕ ಹಾಕಿದರೆ ದಾರಿ ತಪ್ಪುತ್ತದೆ. ಜಾಹೀರಾತಿನಲ್ಲಿರುವುದು ಕೇಳುವ ಬೆಲೆ, ಅದರಲ್ಲಿ ಕೆಲವು ದೋಣಿಗಳು ವರ್ಷಗಟ್ಟಲೆ ಹಾಗೇ ನಿಂತಿರುತ್ತವೆ. ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬ ಲೆಕ್ಕ ಬ್ರೋಕರ್‌ಗಳ ಹತ್ತಿರ ಇರುತ್ತದೆ. ಮೊದಲು ನಾವೇ ಮಾರೋಣ ಎಂದು ಹೊರಟಿದ್ದೆವು. ಬ್ರೋಕರ್ ಕಮಿಷನ್ ಹೆಚ್ಚಾಗಿ ಶೇಕಡಾ 10ರ ಆಸುಪಾಸು, ಅದನ್ನು ಉಳಿಸಬಹುದಲ್ವಾ ಎಂಬ ಯೋಚನೆ.

ಆ ದಿನಗಳಲ್ಲಿ ಫೋನು ಬಂದದ್ದು ಕಡಿಮೆ ಏನಲ್ಲ. ಬಂದವರಲ್ಲಿ ಹೆಚ್ಚಿನವರು ಸುಮ್ನೆ ನೋಡಿ ಹೋಗುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾವೂ ಒಂದು ಕಾಲಕ್ಕೆ ಹಾಗೆ ಜೆಟ್ಟಿಗಳಲ್ಲಿ ಅಲೆದವರೇ. ಎಚ್ಚರ ಬೇಕಾದದ್ದು ಬೇರೆಯವರ ಬಗ್ಗೆ. ಒಬ್ಬರು ದೋಣಿ ನೋಡದೆಯೇ ಪೂರ್ತಿ ಬೆಲೆ ಕೊಡುತ್ತೇನೆ ಎಂದು ಬರೆದರು. ಬೆಲೆಗಿಂತ ಹೆಚ್ಚಿನ ಮೊತ್ತದ ಚೆಕ್ ಕಳಿಸುತ್ತಾರಂತೆ, ಹೆಚ್ಚಾದ ಹಣವನ್ನು ನಾವು ಅವರ ಸಾಗಣೆ ಏಜೆಂಟರಿಗೆ ಕಳಿಸಬೇಕಂತೆ. ಇದು ಹಳೆಯ ಮೋಸ. ಚೆಕ್ ಹಾಕಿದಾಗ ಖಾತೆಯಲ್ಲಿ ಹಣ ಬಂದಂತೆ ಕಾಣುತ್ತದೆ. ಚೆಕ್ ಖೋಟಾ ಎಂದು ಬ್ಯಾಂಕಿಗೆ ಗೊತ್ತಾಗುವುದು ಎಷ್ಟೋ ದಿನಗಳ ಮೇಲೆ. ಅಷ್ಟರಲ್ಲಿ ನೀವು ಕಳಿಸಿದ ಹಣ ಹೋಗಿಬಿಟ್ಟಿರುತ್ತದೆ. ನಾವು ಉತ್ತರವನ್ನೇ ಕೊಡಲಿಲ್ಲ.

ದೋಣಿ ಓಡಿಸುವ ಋತು ಅರ್ಧ ಮುಗಿದರೂ ಗಟ್ಟಿಯಾದ ಮಾತು ಒಂದೂ ಬರಲಿಲ್ಲ. ಜೆಟ್ಟಿಯ ಬಾಡಿಗೆ, ವಿಮೆ ಮಾತ್ರ ತಪ್ಪದೆ ಹೋಗುತ್ತಿದ್ದವು. ಬೆಲೆ ಇಳಿಸಲು ಒಪ್ಪದೆ ಕಾಯುವವರು ಈ ತಿಂಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊನೆಗೆ ಒಬ್ಬ ಬ್ರೋಕರ್ ಹತ್ತಿರ ಹೋದೆವು. ಅವರು ಇಡೀ ದೋಣಿ ನೋಡಿ, ಪುಸ್ತಕ ಓದಿ, ನಾವು ಇಟ್ಟದ್ದಕ್ಕಿಂತ ಕಡಿಮೆ ಬೆಲೆ ಹೇಳಿದರು. ಬೇಸರವಾಯಿತು. ಆದರೆ ಹಿಂದೆ ಮಾರಾಟವಾದ ದೋಣಿಗಳ ಲೆಕ್ಕ ಮುಂದಿಟ್ಟು ಹೇಳಿದ್ದರಿಂದ ಒಪ್ಪಿದೆವು. ಕರಾರಿಗೆ ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಎಷ್ಟು ತಿಂಗಳು ಅವರೊಬ್ಬರಿಗೇ ಮಾರುವ ಹಕ್ಕು ಇರುತ್ತದೆ? ಆ ಅವಧಿಯಲ್ಲಿ ನೀವೇ ಗಿರಾಕಿ ತಂದರೂ ಕಮಿಷನ್ ಕೊಡಬೇಕೆ?

ಬ್ರೋಕರ್ ಹೇಳಿಕೊಟ್ಟ ಒಂದು ಮಾತು ನಮಗೆ ತುಂಬಾ ಉಪಯೋಗಕ್ಕೆ ಬಂತು. ದೋಣಿಯ ಕುಂದುಗಳನ್ನು ನೀವೇ ಮೊದಲು ಬರೆದು ಕೊಡಿ ಎಂದರು. ನಾವು ಪಟ್ಟಿ ಮಾಡಿದೆವು. ಮುಂದಿನ ಹಾಯಿ ಹಳತಾಗಿ ಬಟ್ಟೆ ಸಡಿಲಗೊಂಡಿದೆ. ಡೆಕ್, ಅಂದರೆ ದೋಣಿಯ ಮೇಲ್ಹಾಸಿನ ಮೇಲೆ, ಕಂಬಿಯ ಒಂದು ಬುಡದ ಹತ್ತಿರ ಹಿಂದೆ ನೀರು ಇಳಿದಿತ್ತು, ಸರಿಪಡಿಸಿದ್ದೇವೆ. ಮಾಸ್ಟ್ ಹಿಡಿದಿಡುವ ತಂತಿಗಳಿಗೆ 10 ವರ್ಷ ದಾಟಿದೆ. ಹೀಗೆ ಬರೆದಾಗ ನನಗೆ ಎದೆ ಢವಢವ ಎನ್ನುತ್ತಿತ್ತು, ಇದನ್ನು ಓದಿ ಯಾರು ಬರುತ್ತಾರೆ ಎಂದು. ಬಂದರು. ಇದನ್ನೆಲ್ಲ ಓದಿಯೇ ಬಂದದ್ದರಿಂದ ಅವರಿಗೆ ಹೊಸದಾಗಿ ಹೆದರುವಂಥದ್ದು ಏನೂ ಉಳಿದಿರಲಿಲ್ಲ.

ಕೊಂಡವರು ಒಂದು ಯುವ ದಂಪತಿ. ಮೊದಲ ದಿನವೇ ಅವರು ಎಂಜಿನ್ ಮುಟ್ಟಿ ನೋಡಿದರು. ತಣ್ಣಗಿದೆಯೇ ಎಂಬುದು ಅವರ ಪರೀಕ್ಷೆ. ಗೊತ್ತಿರುವವರು ಇದನ್ನು ಮಾಡುತ್ತಾರೆ, ಅದಕ್ಕೇ ಯಾರಾದರೂ ಬರುವ ಮೊದಲು ಎಂಜಿನ್ ಬೆಚ್ಚಗೆ ಮಾಡಿಡಬೇಡಿ. ತಣ್ಣಗಿರುವಾಗಲೇ ಒಮ್ಮೆಗೇ ಶುರುವಾದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಶುರುವಿನಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ಹೋದರೆ ಚಿಂತೆಯಿಲ್ಲ. ನೀಲಿ ಹೊಗೆ ಅಂದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಕಪ್ಪು ಹೊಗೆ ಅಂದರೆ ಗಾಳಿ ಸಾಲದು ಅಥವಾ ಭಾರ ಹೆಚ್ಚು, ಹಲವು ಸಲ ಅಡಿಯಲ್ಲಿ, ಪ್ರೊಪೆಲ್ಲರ್ ಮೇಲೆ ಕೂತ ಚಿಪ್ಪುಗಳೇ ಕಾರಣ. ನಮ್ಮದು ಮೊದಲ ತಿರುವಿಗೇ ಶುರುವಾಯಿತು. ನನ್ನವರ ಮುಖ ನೋಡಬೇಕಿತ್ತು.

ಎರಡನೇ ಭೇಟಿಯ ನಂತರ ಬರಹದಲ್ಲಿ ಬೆಲೆ ಹೇಳಿದರು. ಸ್ವಲ್ಪ ಚೌಕಾಸಿ ಆಗಿ ಒಪ್ಪಂದವಾಯಿತು. ಶೇಕಡಾ 10 ಮುಂಗಡ, ಅದು ನಮ್ಮ ಕೈಗಲ್ಲ, ಬ್ರೋಕರ್ ನೋಡಿಕೊಳ್ಳುವ ಪ್ರತ್ಯೇಕ ಖಾತೆಗೆ. ದೋಣಿಯನ್ನು ನೀರಿನಿಂದ ಎತ್ತಿ ಸರ್ವೇಯರ್, ಅಂದರೆ ದೋಣಿ ತಪಾಸಣೆಯ ತಜ್ಞರು, ಪರೀಕ್ಷೆ ಮಾಡಬೇಕು, ನೀರಿನಲ್ಲಿ ಓಡಿಸಿ ನೋಡಬೇಕು, ವಿಮೆ ಸಿಗಬೇಕು. ಇವು ಅವರ ಷರತ್ತುಗಳು. ಸರ್ವೇಯರ್ ಸಂಬಳ, ಕ್ರೇನ್ ಖರ್ಚು ವಾಡಿಕೆಯಂತೆ ಕೊಳ್ಳುವವರದ್ದು. ಮಾತು ಮುರಿದುಬಿದ್ದರೆ ದೋಣಿಯನ್ನು ಮತ್ತೆ ನೀರಿಗಿಳಿಸುವ ಖರ್ಚು ಯಾರದು, ಮುಂಗಡ ಯಾವಾಗ ವಾಪಸ್, ಅದನ್ನೂ ಬರೆಸಿಕೊಳ್ಳಿ.

ಪರೀಕ್ಷೆಯ ದಿನ ನಿಗದಿಯಾದ ಮೇಲೆ ಗಾಳಿ ಮಳೆ ಬಂದು ಕ್ರೇನ್ ನಿಂತಿತು. ಮತ್ತೆ ದಿನ ಸಿಗಲು ಕಾಯಬೇಕಾಯಿತು, ಆ ಹೊತ್ತಿಗೆ ಎಲ್ಲರೂ ದೋಣಿ ಎತ್ತಿಸುವ ಕಾಲ. ಆ ಕಾಯುವ ದಿನಗಳಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲ. ನಾವು ನೋಡದ ಯಾವುದೋ ದೋಷ ಅಡಿಯಲ್ಲಿ ಇದ್ದುಬಿಟ್ಟರೆ?

ಸರ್ವೇಯರ್ ಒಂದು ಚಿಕ್ಕ ಸುತ್ತಿಗೆ, ತೇವ ಅಳೆಯುವ ಮೀಟರ್, ಟಾರ್ಚ್ ಹಿಡಿದು ಬೆಳಗ್ಗೆಯೇ ಬಂದರು. ದೋಣಿಯನ್ನು ಪಟ್ಟಿಗಳಲ್ಲಿ ಎತ್ತಿ ಅಡಿ ತೊಳೆದ ಮೇಲೆ ಮೈಯೆಲ್ಲ ತಟ್ಟುತ್ತಾ ಹೋದರು. ಗಟ್ಟಿ ಫೈಬರ್‌ಗ್ಲಾಸ್ ಟಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ದಪ್ ಎಂದು ಮಂಕಾಗಿ ಕೇಳುತ್ತದೆ. ಆ ಶಬ್ದಕ್ಕೆ ಕಿವಿಗೊಟ್ಟು ನಿಂತ ನನಗೆ ಡಾಕ್ಟರ ಕೋಣೆಯ ಹೊರಗೆ ಕೂತ ಹಾಗಾಯಿತು. ಹಳೆಯ ದೋಣಿಗಳಲ್ಲಿ ಎಲ್ಲರೂ ಹೆದರುವುದು ಆಸ್ಮೋಸಿಸ್‌ಗೆ. ಹೊರಗಿನ ನುಣುಪು ಪದರದ, ಅಂದರೆ ಜೆಲ್‌ಕೋಟ್, ಮೂಲಕ ನೀರು ನಿಧಾನವಾಗಿ ಒಳಗೆ ಇಳಿದು ರಾಳದ ಜೊತೆ ಸೇರಿ ಹುಳಿ ದ್ರವವಾಗುತ್ತದೆ. ಅದು ಒತ್ತಿ ಮೇಲೆ ಗುಳ್ಳೆ ಏಳುತ್ತವೆ. ಒಡೆದರೆ ವಿನೆಗರ್ ಥರ ವಾಸನೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಇದ್ದ ಮಾತ್ರಕ್ಕೆ ದೋಣಿ ಮುಳುಗುವುದಿಲ್ಲ, ಆದರೆ ಹೆಸರು ಕೇಳಿದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ನಮ್ಮದರಲ್ಲಿ ಗುಳ್ಳೆ ಇರಲಿಲ್ಲ. ಮೀಟರ್ ಮಾತ್ರ ಕೆಲವು ಕಡೆ ಮೇಲೇರಿತು. ದಂಪತಿ ಗಾಬರಿಯಾದರು. ಸರ್ವೇಯರ್ ಶಾಂತವಾಗಿ ಹೇಳಿದರು: ಈಗಷ್ಟೇ ನೀರಿನಿಂದ ಎತ್ತಿದ ಮೈ ಒದ್ದೆ ತೋರಿಸುವುದು ಸಹಜ, ತಾಮ್ರ ಇರುವ ಬಣ್ಣದ ಮೇಲೂ ಮೀಟರ್ ತಪ್ಪು ಹೇಳುತ್ತದೆ. ಬಣ್ಣ ಕೆರೆದ ಜಾಗದಲ್ಲಿ ಮತ್ತೆ ಹಿಡಿದಾಗ ಅಂಕಿ ಇಳಿಯಿತು.

ಆಮೇಲೆ ಕೀಲ್, ಅಂದರೆ ದೋಣಿಯ ಅಡಿಯಲ್ಲಿರುವ ಭಾರದ ರೆಕ್ಕೆ, ಮೈಗೆ ಸೇರುವ ಜಾಗ. ಅಲ್ಲಿ ತುಕ್ಕು ಇಳಿದ ಗೆರೆ ಇದ್ದರೆ ಒಳಗಿನ ಬೋಲ್ಟ್‌ಗಳ ಮೇಲೆ ಅನುಮಾನ. ಚುಕ್ಕಾಣಿಯನ್ನು ಹಿಡಿದು ಅಲ್ಲಾಡಿಸಿದರು, ಬೇರಿಂಗ್ ಸವೆದಿದೆಯೇ ಎಂದು. ಸಮುದ್ರದ ನೀರು ಒಳಬರುವ ಪ್ರತಿ ಕವಾಟ ತಿರುಗಿಸಿದರು. ಡೆಕ್ ಪೂರ್ತಿ ತಟ್ಟಿದರು. ಡೆಕ್ ಎರಡು ಪದರ ಫೈಬರ್‌ಗ್ಲಾಸ್‌ನ ನಡುವೆ ಬಾಲ್ಸಾ ಮರ ಇಟ್ಟು ಕಟ್ಟಿದ್ದು, ನೀರು ಇಳಿದರೆ ಆ ಮರ ಕೊಳೆಯುತ್ತದೆ. ನಾವು ಪಟ್ಟಿಯಲ್ಲಿ ಬರೆದಿದ್ದ ಕಂಬಿಯ ಬುಡದ ಹತ್ತಿರ ಅಂಗೈ ಅಗಲದ ಜಾಗ ದಪ್ ಎಂದಿತು. ರಿಪೇರಿಯ ರಸೀದಿ ತೋರಿಸಿದೆ. ಇನ್ನು ಹಬ್ಬುತ್ತಿಲ್ಲ ಎಂದು ಸರ್ವೇಯರ್ ಬರೆದುಕೊಂಡರು. ನಾವೇ ಮೊದಲು ಹೇಳಿರದಿದ್ದರೆ ಅದೇ ಜಾಗದಲ್ಲಿ ನಂಬಿಕೆ ಮುರಿಯುತ್ತಿತ್ತು. ಮಧ್ಯಾಹ್ನ ನೀರಿಗಿಳಿಸಿ ಹಾಯಿ ಎತ್ತಿದೆವು. ಆ ಹುಡುಗಿಯ ಕೈಗೆ ಚುಕ್ಕಾಣಿ ಕೊಟ್ಟೆ. ಗಾಳಿ ಹಿಡಿದು ದೋಣಿ ಓರೆಯಾದಾಗ ಅವಳು ನಕ್ಕ ನಗು ನೋಡಿ, ಇವರೇ ಕೊಂಡರೆ ಸಾಕು ಅನ್ನಿಸಿತು.

ವರದಿ ಬಂದಾಗ ಉದ್ದನೆಯ ದೋಷಪಟ್ಟಿ ನೋಡಿ ಹೆದರಬೇಡಿ. ಹೊಸ ದೋಣಿಯಲ್ಲೂ ಸರ್ವೇಯರ್ ಏನಾದರೂ ಬರೆಯುತ್ತಾರೆ. ಅವಧಿ ಮುಗಿದ ಫ್ಲೇರ್ (ಅಪಾಯದಲ್ಲಿ ಹಚ್ಚುವ ಬೆಳಕು), ಸರ್ವೀಸ್ ಆಗದ ಲೈಫ್‌ರಾಫ್ಟ್ (ಜೀವರಕ್ಷಕ ತೆಪ್ಪ), ಗ್ಯಾಸ್ ಪೈಪಿನ ತಾರೀಕು, ಹೀಗೆ. ನಮ್ಮನ್ನು ನಿಲ್ಲಿಸಿದ್ದು ಮಾಸ್ಟಿನ ತಂತಿಗಳು. ತಂತಿಯಲ್ಲಿ ಬಿರುಕು ಇರಲಿಲ್ಲ. ಆದರೂ ಅವರ ವಿಮೆ ಕಂಪನಿ, ವಯಸ್ಸಾಗಿರುವುದರಿಂದ ಬದಲಿಸದೆ ಮಾಸ್ಟ್‌ಗೆ ವಿಮೆ ಕೊಡುವುದಿಲ್ಲ ಎಂದಿತು. 10ರಿಂದ 15 ವರ್ಷಕ್ಕೆ ತಂತಿ ಬದಲಿಸಲು ಕೇಳುವುದು ವಿಮೆಯವರಲ್ಲಿ ಸಾಮಾನ್ಯ. ಕಣ್ಣಿಗೆ ಕಾಣದ ದಣಿವು ಸ್ಟೀಲಿನೊಳಗೆ, ಅದರಲ್ಲೂ ತುದಿಯ ಜೋಡಣೆಗಳಲ್ಲಿ ಕೂಡಿರುತ್ತದೆ. ಖರ್ಚು ಸಣ್ಣದಲ್ಲ. ತಂತಿಯ ವಯಸ್ಸು ಮೊದಲೇ ಹೇಳಿ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಟ್ಟಿದ್ದೆವು. ಆದರೂ ಕೆಲವು ದಿನ ಮಾತು ಎಳೆದಾಡಿ, ಖರ್ಚಿನ ಅರ್ಧ ಬೆಲೆಯಲ್ಲಿ ಬಿಟ್ಟುಕೊಟ್ಟೆವು. ಕೆಲಸವನ್ನು ಅವರೇ ಮಾಡಿಸಿಕೊಳ್ಳುವುದು ಎಂದಾಯಿತು. ನನ್ನ ಅಭಿಪ್ರಾಯದಲ್ಲಿ ಹೀಗೇ ಒಳ್ಳೆಯದು. ಮಾರುವವರು ಅವಸರದಲ್ಲಿ ಮಾಡಿಸಿದ ರಿಪೇರಿಯನ್ನು ಯಾರೂ ಪೂರ್ತಿ ನಂಬುವುದಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡಾಗ ಬಂದ ಅಡ್ಡಿಯೇ ಎಲ್ಲಕ್ಕಿಂತ ದೊಡ್ಡದು. ನೋಂದಣಿ ಕಚೇರಿಯ ದಾಖಲೆಯಲ್ಲಿ ದೋಣಿಯ ಮೇಲೆ ಒಂದು ಸಾಲ ಬಾಕಿ ಇದೆ ಎಂದಿತ್ತು! ನಮ್ಮ ಸಾಲವಲ್ಲ. ನಮಗಿಂತ ಹಿಂದಿನವರು ತೆಗೆದದ್ದು, ಅವರು ಎಂದೋ ತೀರಿಸಿದ್ದರು. ಆದರೆ ತೀರಿದೆ ಎಂಬ ಪತ್ರವನ್ನು ಯಾರೂ ದಾಖಲೆಗೆ ಸೇರಿಸಿರಲಿಲ್ಲ. ಸಾಲ ಕೊಟ್ಟ ಬ್ಯಾಂಕ್ ಅಷ್ಟರಲ್ಲಿ ಇನ್ನೊಂದರ ಜೊತೆ ವಿಲೀನವಾಗಿತ್ತು. ಒಂದು ವಿಭಾಗದವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಂದ ಮೊದಲಿನದಕ್ಕೇ ವಾಪಸ್. ಹಳೆಯ ಮಾಲೀಕರನ್ನು ಹುಡುಕಿದೆವು. ಪುಣ್ಯಕ್ಕೆ ಅವರ ಹತ್ತಿರ ಕೊನೆಯ ಕಂತಿನ ಪತ್ರ ಇತ್ತು. ಅದರ ಪ್ರತಿ ಸಿಕ್ಕ ಮೇಲೆ ಬ್ಯಾಂಕ್ ಬಿಡುಗಡೆ ಪತ್ರ ಕೊಟ್ಟಿತು. ವಾರಗಳೇ ಹೋದವು. ಆ ದಂಪತಿ ತಾಳ್ಮೆಯಿಂದ ಕಾದರು, ಅವರ ಜಾಗದಲ್ಲಿ ಬೇರೆಯವರಿದ್ದರೆ ಮುಂಗಡ ವಾಪಸ್ ತೆಗೆದುಕೊಂಡು ಹೋಗುತ್ತಿದ್ದರು. ಜಾಹೀರಾತು ಕೊಡುವ ಮೊದಲೇ ನಿಮ್ಮ ದೋಣಿಯ ದಾಖಲೆಯ ಹೊಸ ಪ್ರತಿ ತರಿಸಿ, ಋಣದ ಕಲಂ ಓದಿ. ನೀವು ಸಾಲವನ್ನೇ ಮಾಡದಿದ್ದರೂ ಓದಿ.

ಕೊನೆಯ ದಿನ ಕ್ರಮ ಹೀಗಿತ್ತು. ಮೊದಲು ಬಾಕಿ ಹಣ ಬ್ರೋಕರ್ ಖಾತೆಗೆ ಬಂದು ನಿಂತಿತು. ಅದು ಖಚಿತವಾದ ಮೇಲೆ ಮಾರಾಟ ಪತ್ರಕ್ಕೆ ಇಬ್ಬರೂ ಸಹಿ ಹಾಕಿದೆವು. ಜೊತೆಗೆ ಏನೇನು ಬರುತ್ತದೆ ಎಂಬ ಸಾಮಾನು ಪಟ್ಟಿಗೂ ಸಹಿ. ರಬ್ಬರ್ ದೋಣಿ, ಎರಡನೇ ಲಂಗರು, ಬಿಡಿಭಾಗದ ಪೆಟ್ಟಿಗೆ ಎಲ್ಲ ಅದರಲ್ಲಿ ಹೆಸರು ಹಿಡಿದು ಬರೆದಿದ್ದವು. ಈ ಪಟ್ಟಿ ಇಲ್ಲದೆ ಒಳ್ಳೆಯವರ ನಡುವೆಯೂ ಜಗಳ ಬರುತ್ತದೆ. ಸಹಿ ಆದ ಗಂಟೆಯನ್ನೂ ಬರೆದೆವು, ಆ ಹೊತ್ತಿನಿಂದ ದೋಣಿಗೆ ಏನಾದರೂ ಆದರೆ ಹೊಣೆ ಅವರದು. ನನ್ನವರು ಅರ್ಧ ದಿನ ಅವರ ಜೊತೆ ಕೂತು ಪ್ರತಿ ಕವಾಟ, ಪ್ರತಿ ಸ್ವಿಚ್ ತೋರಿಸಿಕೊಟ್ಟರು. ಪುಸ್ತಕವನ್ನೂ ಕೊಟ್ಟರು. ನಾನು ಅದರ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಮಾರಿದ ಮೇಲೂ ಕೆಲವು ಕೆಲಸ ಉಳಿದಿರುತ್ತವೆ, ಅವನ್ನು ಬಿಡಬೇಡಿ. ನೋಂದಣಿ ಕಚೇರಿಗೆ ಮಾರಾಟವಾಗಿದೆ ಎಂದು ನೀವೇ ತಿಳಿಸಿ, ಹೊಸಬರು ತಿಳಿಸುತ್ತಾರೆ ಎಂದು ಕಾಯಬೇಡಿ. ದೋಣಿಯಲ್ಲಿ 406 ಮೆಗಾಹರ್ಟ್ಸ್‌ನ ಇಪರ್ಬ್, ಅಂದರೆ ಅಪಾಯದಲ್ಲಿ ಉಪಗ್ರಹದ ಮೂಲಕ ಸಂಕೇತ ಕಳಿಸುವ ಸಾಧನ, ಇದ್ದರೆ ಅದರ ನೋಂದಣಿ ಹೊಸಬರ ಹೆಸರಿಗೆ ಹೋಗಲೇಬೇಕು. ಇಲ್ಲದಿದ್ದರೆ ಅವರು ಅಪಾಯದಲ್ಲಿ ಗುಂಡಿ ಒತ್ತಿದಾಗ ರಕ್ಷಣಾ ಪಡೆಯ ಫೋನು ನಿಮ್ಮ ಮನೆಗೆ ಬರುತ್ತದೆ. ರೇಡಿಯೋದಲ್ಲಿ ದೋಣಿಯ ಗುರುತು ಹೇಳುವ ಎಂಎಂಎಸ್‌ಐ ನಂಬರ್‌ಗೂ ಅದೇ ಮಾತು. ಜೆಟ್ಟಿಯ ಜಾಗ ಹೆಚ್ಚಿನ ಕಡೆ ದೋಣಿಯ ಜೊತೆ ತಾನಾಗಿ ಹೋಗುವುದಿಲ್ಲ, ಮರೀನಾ (ದೋಣಿ ನಿಲ್ದಾಣ) ನಡೆಸುವವರನ್ನು ಮೊದಲೇ ಕೇಳಬೇಕು. ವಿಮೆಯನ್ನು ಸಹಿ ಆಗುವವರೆಗೂ ಬಿಡಬಾರದು. ಆದ ಮೇಲೆ ಮಾರಾಟ ಪತ್ರದ ಪ್ರತಿ ಇಟ್ಟು ಬರೆದರೆ ಉಳಿದ ತಿಂಗಳ ಹಣ ವಾಪಸ್ ಸಿಗಬಹುದು. ನಮ್ಮ ಅರ್ಜಿ ಹೋಗಿದೆ, ಉತ್ತರ ಇನ್ನೂ ಬರಬೇಕು.